ಕಾಯುವ ಹೊತ್ತು: ಮಕ್ಕಳ ಲಸಿಕಾ ಕೇಂದ್ರದಲ್ಲಿ ಸಮಯದ ಬಳಕೆ

ದೊಡ್ಡಗಾಜನೂರು ಎಂದೊಡನೆ ಕನ್ನಡಿಗರಿಗೆ ಡಾ. ರಾಜ್‌ಕುಮಾರ್ ನೆನಪಾಗುತ್ತಾರೆ, 2000ದ ಜುಲೈ 30ರ ರಾತ್ರಿಯೂ ನೆನಪಾಗುತ್ತದೆ. ಈ ಎರಡು ನೆನಪುಗಳನ್ನು ಬದಿಗಿಟ್ಟರೆ ಅದು ತಾಳವಾಡಿ ಪ್ರಸ್ಥಭೂಮಿಯ ಒಂದು ಬೇಸಾಯದ ಹಳ್ಳಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಸೀಮೆ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಇಂದು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ತಮಿಳು. ಇಂಥ ಊರಿನ ತಾಯಿಯೊಬ್ಬಳು ಒಂದೂವರೆ ತಿಂಗಳ ಕೂಸನ್ನೆತ್ತಿಕೊಂಡು ಲಸಿಕೆ ಹಾಕಿಸಲು ಹೊರಟರೆ, ಅವಳ ಆ ದಿನದ ಹೊತ್ತು ಯಾವ ಯಾವ ಲೆಕ್ಕಕ್ಕೆ ಸಲ್ಲುತ್ತದೆ ಎಂಬುದು ಈ ಲೇಖನದ ವಿಷಯ. ವೈದ್ಯಕೀಯದ ವಿಷಯವನ್ನು ಕನ್ನಡ ವಿಭಾಗದ ಪತ್ರಿಕೆಯಲ್ಲೇಕೆ ಎತ್ತಿಕೊಳ್ಳಬೇಕೆಂದು ಕೇಳುವವರಿರಬಹುದು. ಕಾರಣ ಮುಂದೆ ತಾನಾಗಿ ತಿಳಿದೀತು.

ಮೊದಲು ಕೇಂದ್ರದೊಳಗಿನ ಕ್ರಮವನ್ನು ನೋಡೋಣ. ಹೆಸರು ದಾಖಲಿಸುವುದು, ತೂಕ ನೋಡುವುದು, ಕಾರ್ಡು ಪರಿಶೀಲಿಸುವುದು, ಮಗುವಿಗೆ ಜ್ವರವಿದೆಯೇ ಎಂದು ವಿಚಾರಿಸುವುದು, ಆಮೇಲೆ ಲಸಿಕೆ. ಆರು ವಾರದ ಮಗುವಿಗೆ ಐದು ಲಸಿಕೆಗಳಿವೆ: ಪೋಲಿಯೊ ಹನಿ ಮತ್ತು ರೋಟಾ ವೈರಸ್ ಲಸಿಕೆ ಬಾಯಿಗೆ, ಪೆಂಟಾವೇಲೆಂಟ್, ನ್ಯುಮೋಕಾಕಲ್ ಮತ್ತು ಪೋಲಿಯೊ ಚುಚ್ಚುಮದ್ದು ತೊಡೆ–ತೋಳುಗಳಿಗೆ. ಇವೆಲ್ಲವೂ ಕೆಲವೇ ನಿಮಿಷಗಳ ಕೆಲಸ. ಅನಂತರ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕೆಂಬುದು ನಿಯಮ. ಅಪರೂಪಕ್ಕೆ ಸಂಭವಿಸುವ ತೀವ್ರ ಅಲರ್ಜಿಯ ಲಕ್ಷಣ ಕಂಡರೆ ತಕ್ಷಣ ಚಿಕಿತ್ಸೆ ದೊರೆಯಲೆಂದು ಈ ಏರ್ಪಾಡು.

ಹಾಗಾದರೆ ಮಿಕ್ಕ ಹೊತ್ತು ಎಲ್ಲಿ ಹೋಗುತ್ತದೆ? ಒಂದು ಸರಳ ಲೆಕ್ಕ ಮಾಡೋಣ. ಮೂವತ್ತು ಮಕ್ಕಳನ್ನು ಬೆಳಗಿನ ಒಂಬತ್ತಕ್ಕೇ ಬರಹೇಳಿದ್ದಾರೆ, ದಾದಿ ಒಬ್ಬರೇ, ಮಗುವೊಂದಕ್ಕೆ ಐದು ನಿಮಿಷ ಎಂದಿಟ್ಟುಕೊಳ್ಳಿ. ಕೊನೆಯ ಮಗುವಿನ ಸರದಿ ಬರುವಾಗ 145 ನಿಮಿಷ ಕಳೆದಿರುತ್ತದೆ. ಅದರ ಮೇಲೆ ಐದು ನಿಮಿಷದ ಲಸಿಕೆ, ಅರ್ಧ ಗಂಟೆಯ ನಿಗಾ. ಒಟ್ಟು ಮೂರು ಗಂಟೆ. ಅರ್ಧದಷ್ಟು ಮಂದಿಯನ್ನು ಒಂಬತ್ತಕ್ಕೂ ಉಳಿದವರನ್ನು ಹತ್ತೂಕಾಲಿಗೂ ಬರಹೇಳಿದರೆ ಯಾರೊಬ್ಬರೂ ಸರದಿಗಾಗಿ 70 ನಿಮಿಷಕ್ಕಿಂತ ಹೆಚ್ಚು ಕಾಯಬೇಕಾಗಿಲ್ಲ. ದಾದಿಯ ಕೆಲಸ ಒಂದು ನಿಮಿಷವೂ ಹೆಚ್ಚುವುದಿಲ್ಲ. ಆದರೆ ಕಾಗದದ ಮೇಲಿನ ಈ ಲೆಕ್ಕ ಬಸ್ಸನ್ನು ಮರೆತಿದೆ. ಹಳ್ಳಿಯಿಂದ ಬರುವವರನ್ನು ಬಸ್ಸು ತಾನಿಳಿಸುವ ಹೊತ್ತಿಗೆ ಇಳಿಸುತ್ತದೆ, ಒಟ್ಟಿಗೇ ಇಳಿಸುತ್ತದೆ.

ಕೇಂದ್ರದ ಕಾಲಪಟ್ಟಿ ಯಾರ ಹೊತ್ತನ್ನು ಜೋಪಾನ ಮಾಡುತ್ತದೆ ಎಂದು ಕೇಳಿದರೆ, ಔಷಧದ ಸೀಸೆಯದ್ದು ಎನ್ನಬೇಕು. ಒಂಬತ್ತು ತಿಂಗಳಿಗೆ ಕೊಡುವ ದಡಾರ–ರುಬೆಲ್ಲಾ ಲಸಿಕೆಯೂ ಹುಟ್ಟಿದಾಗ ಕೊಡುವ ಬಿಸಿಜಿಯೂ ಪುಡಿಯ ರೂಪದಲ್ಲಿರುತ್ತವೆ. ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದುದನ್ನು ಚೆಲ್ಲಬೇಕು. ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಮದ್ದಿರುತ್ತದೆ. ಒಂದೇ ಮಗು ಬಂದರೂ ಸೀಸೆ ತೆರೆಯಬೇಕೆಂದು ನಿಯಮ ಹೇಳುತ್ತದೆ; ಪೋಲಾದೀತೆಂಬ ಅಂಜಿಕೆ ‘ಮುಂದಿನ ವಾರ ಬಾರಮ್ಮ’ ಎನ್ನಿಸುತ್ತದೆ. ಸೀಸೆಯ ಮೇಲೆ ಅದನ್ನು ತೆರೆದ ಗಳಿಗೆಯನ್ನು ಬರೆಯಲೇಬೇಕು. ತಾಯಿ ಬಂದ ಗಳಿಗೆಯನ್ನು ಬರೆಯುವ ಅಂಕಣ ಕಾರ್ಡಿನಲ್ಲಿಲ್ಲ.

ಮದ್ದಿನ ಆಯುಸ್ಸಿಗೆ ಮನುಷ್ಯರು ಹೊಂದಿಕೊಳ್ಳುವುದು ಹೊಸದೇನಲ್ಲ. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಆನ್ನಾ ಡಸ್ಟ್‌ಹಾಲ್ ಎಂಬ ಮಗುವಿಗೆ ಸಿಡುಬಿನ ಲಸಿಕೆ ಹಾಕಿದಾಗ ಸೀಸೆಯೂ ಇರಲಿಲ್ಲ, ಮಂಜುಗಡ್ಡೆಯ ಪೆಟ್ಟಿಗೆಯೂ ಇರಲಿಲ್ಲ. ಲಸಿಕೆ ಹಾಕಿಸಿಕೊಂಡ ಮಗುವಿನ ತೋಳಿನ ಗುಳ್ಳೆಯಿಂದ ಸುಮಾರು ಎಂಟನೆಯ ದಿನ ರಸ ತೆಗೆದು ಮುಂದಿನ ಮಗುವಿಗೆ ಹಾಕುತ್ತಿದ್ದರು. ಆ ದಿನ ತಪ್ಪಿದರೆ ಸರಪಳಿ ಕಡಿಯಿತು. ಮಗುವಿನ ತೋಳೇ ಆಗ ಸೀಸೆ. ‘ಲಸಿಕೆ’ ಎಂಬ ಶಬ್ದದೊಳಗೆ ಆ ರಸದ ನೆನಪುಂಟು: ಸಂಸ್ಕೃತದ ‘ಲಸೀಕಾ’ ಎಂದರೆ ದೇಹದ ನೀರಿನಂಥ ದ್ರವ. ನಮ್ಮ ಹಿರಿಯರು ‘ಮೈಲಿ ಹಾಕಿಸುವುದು’ ಎಂದರು. ತಾಳವಾಡಿಯ ಗೋಡೆಬರಹದ ತಮಿಳಿನಲ್ಲಿ ಅದು ‘ತಡುಪ್ಪೂಸಿ’, ತಡೆಯುವ ಸೂಜಿ. ಆ ‘ತಡು’ ನಮ್ಮ ‘ತಡೆ’ಯ ಒಡಹುಟ್ಟು.

ಇನ್ನು ಕೇಂದ್ರದ ಹೊರಗಿನ ಹೊತ್ತು. ಇದು ಯಾವ ದಾಖಲೆಗೂ ಸೇರದು, ಆದರೆ ಇದೇ ಅತಿ ದುಬಾರಿ. 2008ರ ಏಪ್ರಿಲಿನಲ್ಲಿ ತಿರುವಳ್ಳೂರು ಜಿಲ್ಲೆಯಲ್ಲಿ ದಡಾರ ಲಸಿಕೆ ಪಡೆದ ನಾಲ್ಕು ಶಿಶುಗಳು ಸಾವನ್ನಪ್ಪಿದವು. ಅದರ ಬೆನ್ನಿಗೆ ತಮಿಳುನಾಡು ಸರ್ಕಾರ ಹಳ್ಳಿಯ ಉಪಕೇಂದ್ರಗಳಲ್ಲಿ ಲಸಿಕೆ ನೀಡುವುದನ್ನು ನಿಲ್ಲಿಸಿ, ವೈದ್ಯರಿರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೇ ಮಕ್ಕಳನ್ನು ಕರೆತರಬೇಕೆಂದಿತು. ಸುರಕ್ಷತೆಯ ದೃಷ್ಟಿಯಿಂದ ತೆಗೆದುಕೊಂಡ ಈ ತೀರ್ಮಾನ ಸಾವಿರಾರು ತಾಯಂದಿರ ದಾರಿಯನ್ನು ಉದ್ದ ಮಾಡಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆ ರಾಜ್ಯದಲ್ಲಿ ಎಲ್ಲ ಮೂಲ ಲಸಿಕೆಗಳನ್ನೂ ಪಡೆದ ಮಕ್ಕಳ ಪ್ರಮಾಣ 2005–06ರಲ್ಲಿ ಶೇ. 81ರಷ್ಟಿದ್ದುದು 2015–16ರಲ್ಲಿ ಶೇ. 70ರ ಆಸುಪಾಸಿಗೆ ಇಳಿದಿತ್ತು. 2019–21ರ ಹೊತ್ತಿಗೆ ಶೇ. 89ಕ್ಕೆ ಏರಿತು. ಇಳಿಕೆಗೆ ದಾರಿಯ ದೂರವೊಂದೇ ಕಾರಣವೆನ್ನಲಾಗದು. ಆದರೂ ಕೂಲಿಯ ಒಂದು ದಿನ ಕಳೆದುಕೊಂಡು ಬರಬೇಕಾದವಳು ಆ ದಿನವನ್ನು ಎರಡು ಬಾರಿ ಎಣಿಸಿ ನೋಡುತ್ತಾಳೆಂಬುದನ್ನು ತಿಳಿಯಲು ಸಮೀಕ್ಷೆ ಬೇಕಾಗಿಲ್ಲ.

ಗಡಿ ಇನ್ನೊಂದು ತೊಡಕನ್ನು ಸೇರಿಸುತ್ತದೆ. ತಮಿಳುನಾಡಿನಲ್ಲಿ ಬುಧವಾರ ಲಸಿಕೆಯ ವಾರ, ಕರ್ನಾಟಕದಲ್ಲಿ ಗುರುವಾರ. ಚಾಮರಾಜನಗರದ ಕಡೆಯಿಂದ ದೊಡ್ಡಗಾಜನೂರಿಗೆ ಸೊಸೆಯಾಗಿ ಬಂದವಳು ಬಾಣಂತನಕ್ಕೆ ತವರಿಗೆ ಹೋಗುತ್ತಾಳೆ. ಮೊದಲ ಲಸಿಕೆಗಳು ಅಲ್ಲಿ, ಕನ್ನಡದ ಕಾರ್ಡಿನಲ್ಲಿ. ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಗಂಡನ ಮನೆಗೆ ಮರಳಿದಾಗ ವಾರ ಬೇರೆ, ಕಾರ್ಡಿನ ಲಿಪಿ ಬೇರೆ. ಇತ್ತಣ ದಾದಿ ಆ ಕಾರ್ಡನ್ನು ತಿರುವಿ ಹಾಕುತ್ತಾ ಯಾವುದು ಆಗಿದೆ, ಯಾವುದು ಬಾಕಿಯಿದೆ ಎಂದು ಅಂದಾಜು ಮಾಡಲು ತಗಲುವ ನಿಮಿಷಗಳು ಸರದಿಯಲ್ಲಿ ಹಿಂದಿರುವವರೆಲ್ಲರ ನಿಮಿಷಗಳೂ ಹೌದು.

ಸೂಜಿಯ ನಂತರ ದಾದಿ ನಾಲ್ಕು ಮಾತು ಹೇಳಬೇಕೆಂಬ ನಿಯಮವಿದೆ: ಹಾಕಿದ್ದು ಯಾವ ಲಸಿಕೆ, ಅದು ಯಾವ ರೋಗಕ್ಕೆ ತಡೆ, ಮುಂದೆ ಯಾವಾಗ ಬರಬೇಕು, ಏನೇನು ತೊಂದರೆ ಕಾಣಿಸಬಹುದು, ಆಗ ಏನು ಮಾಡಬೇಕು, ಕಾರ್ಡನ್ನು ಜೋಪಾನವಾಗಿಟ್ಟು ಮತ್ತೆ ತರಬೇಕು. ಒಂದು ನಿಮಿಷದ ಮಾತು. ಇಡೀ ದಿನದಲ್ಲಿ ಮೊಟಕಾಗುವುದು ಇದೇ, ಏಕೆಂದರೆ ಹಿಂದೆ ಸರದಿ ಇದೆ, ಮಗು ಅಳುತ್ತಿದೆ. ಪೆಂಟಾವೇಲೆಂಟ್ ಹಾಕಿದ ರಾತ್ರಿ ಮಗುವಿನ ಮೈ ಕಾಯುವುದು, ಸೂಜಿ ಚುಚ್ಚಿದಲ್ಲಿ ಬಾವು ಬರುವುದು ಸಾಮಾನ್ಯ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಇದನ್ನು ಮೊದಲೇ ಅರಿತ ತಾಯಿ ಗಾಬರಿಯಾಗುವುದಿಲ್ಲ. ಅರಿಯದವಳಿಗೆ, ಆರೋಗ್ಯವಾಗಿದ್ದ ಮಗುವಿಗೆ ಜ್ವರ ತರಿಸಿದ ಜಾಗ ಅದು. ಹತ್ತನೆಯ ವಾರಕ್ಕೆ ಅವಳು ಬಾರದಿದ್ದರೆ ಅಚ್ಚರಿಯಿಲ್ಲ. ಅದೇ ಮಾತನ್ನು ಅರ್ಧಂಬರ್ಧ ತಿಳಿಯುವ ಭಾಷೆಯಲ್ಲಿ, ಅವಸರದಲ್ಲಿ ಕೇಳಿದವಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಕನ್ನಡದಲ್ಲಿ ‘ಕಾಯು’ ಧಾತುವಿಗೆ ನಿರೀಕ್ಷಿಸು, ರಕ್ಷಿಸು, ಬಿಸಿಯಾಗು ಎಂಬ ಮೂರೂ ಅರ್ಥಗಳಿವೆ. ತಮಿಳಿನಲ್ಲಿಯೂ ‘ಕಾ’ ಎಂದರೆ ರಕ್ಷಿಸು, ‘ಕಾತ್ತಿರು’ ಎಂದರೆ ನಿರೀಕ್ಷಿಸು. ಲಸಿಕಾ ಕೇಂದ್ರದ ಬೆಂಚಿನ ಮೇಲೆ ಈ ಮೂರು ಅರ್ಥಗಳೂ ಒಟ್ಟಿಗೆ ಕುಳಿತಿರುತ್ತವೆ. ಸರದಿಗಾಗಿ ಕಾಯುವುದು ವ್ಯರ್ಥ, ಅದನ್ನು ತಗ್ಗಿಸಬೇಕು. ಸೂಜಿಯ ಅನಂತರದ ಅರ್ಧ ಗಂಟೆ ಹಾಗಲ್ಲ. ಅದನ್ನು ತಗ್ಗಿಸುವಂತಿಲ್ಲ, ಬಳಸಬಹುದು. ಆ ನಾಲ್ಕು ಮಾತುಗಳನ್ನು ದಾದಿಯ ಮೇಜಿನಿಂದ ಈ ಬೆಂಚಿಗೆ ತಂದು, ಆ ಸೀಮೆಯ ಕನ್ನಡ ಬಲ್ಲ ಒಬ್ಬರು ಐದಾರು ತಾಯಂದಿರಿಗೆ ಒಟ್ಟಿಗೆ ಹೇಳಿದರೆ ಸರದಿಯೂ ಸರಾಗ, ಮಾತಿಗೂ ಪುರಸೊತ್ತು.

ಹೇಳುವ ರೀತಿಯೂ ಮುಖ್ಯ. ಆರು, ಹತ್ತು, ಹದಿನಾಲ್ಕು ವಾರಗಳ ಲಸಿಕೆಗಳ ನಡುವಿನ ಅಂತರ ನಾಲ್ಕು ವಾರ, ಅಂದರೆ 28 ದಿನ. ‘ಮುಂದಿನ ತಿಂಗಳು ಬಾ’ ಎಂದರೆ ಆ ಅಂತರ ಸಡಿಲವಾಗುತ್ತದೆ, ಪ್ರತಿ ಬಾರಿಯೂ ಕೆಲವು ದಿನ ಜಾರುತ್ತದೆ. ನಮ್ಮವರು ‘ಎಂಟು ದಿನ ಬಿಟ್ಟು’ ಎಂದಾಗ ಅದು ಒಂದು ವಾರವೆಂದು ಹಳ್ಳಿಯವರಿಗೆ ಗೊತ್ತು. ಹೊರಗಿನಿಂದ ಬಂದ ದಾದಿಗೆ ಅದು ಎಂಟೇ ದಿನ. ಕಾರ್ಡಿನ ತಾರೀಖಿಗಿಂತ ‘ಇವತ್ತಿಗೆ ನಾಲ್ಕನೆಯ ಬುಧವಾರ, ದೀಪಾವಳಿ ಕಳೆದ ಮೇಲೆ ಬರುವ ಬುಧವಾರ’ ಎಂಬ ಮಾತು ಆ ಮನೆಯಲ್ಲಿ ಹೆಚ್ಚು ದಿನ ಉಳಿಯುತ್ತದೆ. ಅಜ್ಜಿಯೂ ಅದನ್ನು ನೆನಪಿಟ್ಟು, ಆ ದಿನ ಬೆಳಿಗ್ಗೆ ಸೊಸೆಯನ್ನು ಎಬ್ಬಿಸಬಲ್ಲಳು.