ಮಾತಿನ ಚಿಕಿತ್ಸೆ: ಅದರ ಮೂಲ ಮತ್ತು ಪ್ರಯೋಜನ

ದೇಹಕ್ಕೆ ಬಂದ ರೋಗವನ್ನು ಹೇಳಿಕೊಳ್ಳಲು ಯಾರೂ ಸಂಕೋಚಪಡುವುದಿಲ್ಲ. ಮನಸ್ಸಿನ ನೋವನ್ನು ಮಾತ್ರ ಮುಚ್ಚಿಡುವರು. ಮುಚ್ಚಿಟ್ಟ ನೋವು ಸುಮ್ಮನಿರದೆ ಬೇರೊಂದು ರೂಪ ತಳೆದು ಹೊರಬರುತ್ತದೆ. ಈ ಅರಿವಿನಿಂದ ಹುಟ್ಟಿದುದೇ ಮನೋವಿಶ್ಲೇಷಣ ಮಾರ್ಗದ ಮಾತಿನ ಚಿಕಿತ್ಸೆ.

1880ರಲ್ಲಿ ವಿಯೆನ್ನಾ ನಗರದ ವೈದ್ಯ ಜೋಸೆಫ್ ಬ್ರಾಯರ್ ಅವರು 21 ವರ್ಷದ ತರುಣಿಯೊಬ್ಬಳ ಚಿಕಿತ್ಸೆಯನ್ನು ಕೈಗೊಂಡರು. ಹಾಸಿಗೆ ಹಿಡಿದ ತಂದೆಯ ಶುಶ್ರೂಷೆ ಮಾಡುತ್ತಲೇ ಆಕೆ ಕಾಯಿಲೆ ಬಿದ್ದಿದ್ದಳು. ಕೈಕಾಲುಗಳು ಸೆಟೆದವು; ಮಾತೃಭಾಷೆಯೂ ಮರೆಯಿತು. ಒಂದು ಬೇಸಗೆಯಲ್ಲಿ, ಬಾಯಾರಿ ಬಳಲಿದರೂ ಲೋಟ ತುಟಿಗೆ ತಾಗಿದೊಡನೆ ತಳ್ಳಿಬಿಡುತ್ತಿದ್ದಳು. ಸುಮಾರು ಆರು ವಾರ ಹಣ್ಣುಗಳಿಂದಲೇ ದಾಹ ತಣಿಸಿಕೊಂಡಳು. ಕೊನೆಗೆ ಸಂಮೋಹನ ಸ್ಥಿತಿಯಲ್ಲಿ ಹಳೆಯ ಸಂಗತಿಯೊಂದನ್ನು ನುಡಿದಳು: ತನಗೆ ಒಲ್ಲದ ಜೊತೆಗಾತಿಯ ನಾಯಿ ಲೋಟದ ನೀರು ಕುಡಿದುದನ್ನು ಕಂಡೂ ಸೌಜನ್ಯಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದಳು. ಅಡಗಿದ್ದ ಕೋಪ ಹೊರಬಿದ್ದೊಡನೆ ನೀರು ಬೇಡಿ ಕುಡಿದಳು. ‘ಮಾತಿನ ಚಿಕಿತ್ಸೆ’ ಎಂಬ ಹೆಸರನ್ನಿತ್ತವಳು ಆಕೆಯೇ. 1895ರಲ್ಲಿ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಪ್ರಕಟಿಸಿದ ಗ್ರಂಥದಲ್ಲಿ ‘ಆನಾ ಓ’ ಎನಿಸಿದ ಈಕೆಯ ನಿಜನಾಮ ಬರ್ತಾ ಪಾಪೆನ್‌ಹೈಮ್.

ಆದರೆ ಒಂದು ಗಂಟು ಬಿಚ್ಚಿದ ಮಾತ್ರಕ್ಕೆ ರೋಗವೆಲ್ಲ ಕಳೆಯಲಿಲ್ಲ. 1882ರಲ್ಲಿ ಆಕೆ ಮತ್ತೆ ಆರೋಗ್ಯಧಾಮವನ್ನು ಸೇರಬೇಕಾಯಿತು. ವರ್ಷಗಳ ತರುವಾಯವೇ ಚೇತರಿಸಿಕೊಂಡು, 1904ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಸಂಘವನ್ನು ಸ್ಥಾಪಿಸಿದಳು. ಈ ಚಿಕಿತ್ಸೆ ಪವಾಡವಲ್ಲ. ತಾಳ್ಮೆಯನ್ನು ಬೇಡುವ ದುಡಿಮೆ.

ಮುಂದೆ ಫ್ರಾಯ್ಡ್ ಸಂಮೋಹನವನ್ನು ಕೈಬಿಟ್ಟು, ತೋಚಿದುದನ್ನೆಲ್ಲ ತಡೆಯಿಲ್ಲದೆ ನುಡಿಯುವ ಕ್ರಮವನ್ನು ತಂದರು. ಭಾರತದಲ್ಲಿ ಗಿರೀಂದ್ರಶೇಖರ ಬೋಸರು 1922ರಲ್ಲಿ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣ ಸಂಘವನ್ನು ಕಟ್ಟಿದರು.

ಆರದ ಅಗಲಿಕೆಯ ದುಃಖ, ಕಾರಣ ತಿಳಿಯದ ಅಂಜಿಕೆ, ಹೋದೆಡೆಯಲ್ಲೆಲ್ಲ ಮರುಕಳಿಸುವ ಒಂದೇ ಬಗೆಯ ಜಗಳ—ಇವು ಜನರನ್ನು ಇಲ್ಲಿಗೆ ಕರೆತರುತ್ತವೆ. ವಾರಕ್ಕೊಮ್ಮೆಯೋ ಹೆಚ್ಚಾಗಿಯೋ, ಗೊತ್ತಾದ ವೇಳೆಯಲ್ಲಿ, ಸುಮಾರು 50 ನಿಮಿಷ ಮಾತು ನಡೆಯುತ್ತದೆ. ಚಿಕಿತ್ಸಕರು ಉಪದೇಶಿಸುವುದಿಲ್ಲ, ತೀರ್ಪು ನೀಡುವುದಿಲ್ಲ, ಕೇಳಿದುದನ್ನು ಗುಟ್ಟಾಗಿರಿಸುವರು. ಬಾಲ್ಯದಲ್ಲಿ ತಂದೆಗೆ ಅಂಜಿದವನು ಚಿಕಿತ್ಸಕರಿಗೂ ಅಂಜತೊಡಗಬಹುದು. ಆ ಅಂಜಿಕೆ ಅಲ್ಲಿಯೇ ಮಾತಿಗೆ ಸಿಕ್ಕಿದಾಗ ಹಿಂದಿನದು ಯಾವುದು, ಇಂದಿನದು ಯಾವುದು ಎಂಬುದು ಅವನಿಗೆ ಬೇರ್ಪಟ್ಟು ಕಾಣುತ್ತದೆ. ಹಳೆಯ ಜಾಡನ್ನು ಬಿಟ್ಟು ನಡೆಯಲು ಎಡೆ ದೊರೆಯುತ್ತದೆ. ತೀವ್ರವಾದ ಮನೋರೋಗಗಳಿಗಾದರೋ ಔಷಧವೂ ಅವಶ್ಯ.

ಶರಣರು ತಮ್ಮ ಮನದ ಕುಂದುಗಳನ್ನು ವಚನಗಳಲ್ಲಿ ಮರೆಮಾಚದೆ ತೆರೆದಿಟ್ಟರು. ಅಲ್ಲಿ ಕೇಳುವವನು ಇಷ್ಟದೈವ, ಗುರಿ ಲಿಂಗಾಂಗ ಸಾಮರಸ್ಯ. ಇಲ್ಲಿ ಕೇಳುವವನು ಮನುಷ್ಯ, ಗುರಿ ಬಾಳಿನ ನೆಮ್ಮದಿ. ಎರಡನ್ನೂ ಒಂದೆನ್ನಲಾಗದು. ಆದರೂ ಒಳಗನ್ನು ತೆರೆದು ನುಡಿಯುವುದು ಹೇಡಿತನವಲ್ಲವೆಂಬುದನ್ನು ಶರಣರ ನಡೆಯಿಂದ ಬಲ್ಲವರು, ನೊಂದವನೊಬ್ಬ ಚಿಕಿತ್ಸಕರ ಬಾಗಿಲು ತಟ್ಟಿದರೆ ಅವನನ್ನು ಹೀಗಳೆಯಲಾರರು.