ಕಾರಂಜಿಯ ಆಚೆಗಿನ ಆಲಮಟ್ಟಿ

ಆಲಮಟ್ಟಿಗೆ ಬಂದವರು ಉದ್ಯಾನದಲ್ಲಿ ಸುತ್ತಾಡಿ, ಸಂಜೆ ಸಂಗೀತ ಕಾರಂಜಿ ನೋಡಿ ಮರಳುವುದು ವಾಡಿಕೆ. ಸೇವೆಯಲ್ಲಿದ್ದಾಗ ನಾನೂ ಹಾಗೆಯೇ ಮರಳಿದವನು. ಈಚೆಗೆ ಮತ್ತೆ ಹೋದಾಗ ಇನ್ನೆರಡು ದಿನ ಉಳಿದು ಬಸವನಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಗಳನ್ನು ಸುತ್ತಿಬಂದೆ. ಅಣೆಕಟ್ಟೆಯ ನಿಜವಾದ ಲೆಕ್ಕ ತಿಳಿದದ್ದು ಅಲ್ಲಿ.

ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲಿಟ್ಟ ಈ ಜಲಾಶಯವನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ಈ ನಡುವೆ ಕೃಷ್ಣೆಯ ದಡದ ಅನೇಕ ಊರುಗಳು ಮುಳುಗಿದವು; ಹಳೆಯ ಬಾಗಲಕೋಟೆಯ ಒಂದು ಭಾಗವೂ ನೀರುಪಾಲಾಯಿತು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ನೀಲಾಂಬಿಕೆಯ ಐಕ್ಯಸ್ಥಳದ ಬಳಿ, ನದಿ ಕಣ್ತುಂಬ ಕಾಣುತ್ತದೆ. ಉತ್ತರಕ್ಕೆ ಸರಿದಂತೆ ಜನರ ಮಾತು ನದಿಯಿಂದ ಕಾಲುವೆಗೆ ತಿರುಗುತ್ತದೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಬರಗಾಲದಲ್ಲಿ ಆ ಗಿಡಗಳನ್ನು ಉಳಿಸಿದ್ದು ರೈತರು ಹಣ ತೆತ್ತು ತರಿಸಿದ ಟ್ಯಾಂಕರ್ ನೀರು.

ಕೃಷ್ಣಾ ಎರಡನೆಯ ನ್ಯಾಯಮಂಡಳಿಯು 2010ರಲ್ಲಿ ಜಲಾಶಯದ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಒಪ್ಪಿತು. ಏರಿಸಿದರೆ ಇನ್ನಷ್ಟು ಊರುಗಳು ಮುಳುಗುತ್ತವೆ, ಇನ್ನಷ್ಟು ಹೊಲಗಳಿಗೆ ನೀರು ಸಿಗುತ್ತದೆ. ಕಳೆದುಕೊಳ್ಳುವವರು ಒಬ್ಬರು, ಪಡೆಯುವವರು ಇನ್ನೊಬ್ಬರು. ಇವೆರಡನ್ನೂ ಕೂಡಿಸಿ ಕಳೆದು ಲಾಭವೆಂದು ಬರೆಯುವುದನ್ನು ಅರ್ಥಶಾಸ್ತ್ರ ನನಗೆ ಕಲಿಸಿತ್ತು. ಕಡತಗಳಲ್ಲಿ ನಾನೂ ಹಾಗೆ ಬರೆದಿದ್ದೇನೆ. ಊರು ಬಿಟ್ಟವನಿಗೆ ಆ ಮೊತ್ತದಲ್ಲಿ ಪಾಲಿಲ್ಲ.

ಆದ್ದರಿಂದ ಪುನರ್ವಸತಿ ಮೊದಲು ಮುಗಿಯಲಿ, ಕಾಲುವೆಗಳು ಕೊನೆಯ ಹೊಲವನ್ನು ಮುಟ್ಟಲಿ. ಎತ್ತರ ಏರುವುದು ಅನಂತರ. ಪ್ರವಾಸಿಗರಲ್ಲೂ ಒಂದು ವಿನಂತಿ: ಕಾರಂಜಿ ನೋಡಿದ ಮರುದಿನ ಇಂಡಿಯ ಹಾದಿ ಹಿಡಿಯಿರಿ.