ಎಂಟು ಹಲ್ಲಿನ ಚಕ್ರ, ಮೂವತ್ತಾರು ಫೋಟೊ

ಚಿಂತಾಮಣಿ, ಶಿಡ್ಲಘಟ್ಟದಂಥ ಊರುಗಳ ಹಳೆಯ ಫೋಟೊ ಸ್ಟುಡಿಯೋಗಳ ಅಟ್ಟದಲ್ಲಿ ಏನಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ರಟ್ಟಿನ ಡಬ್ಬ, ಅದರೊಳಗೆ ಬಟರ್ ಪೇಪರಿನ ಲಕೋಟೆ, ಲಕೋಟೆಯ ಮೇಲೊಂದು ನಂಬರು. ಒಳಗೆ ಕೈವಾರದಲ್ಲಿ ನಡೆದ ಮದುವೆ, ನಂದಿಯ ಶಿವರಾತ್ರಿ ತೇರು, ವಿದುರಾಶ್ವತ್ಥದ ಜಾತ್ರೆ, ಶಾಲೆಯ ಗ್ರೂಪ್ ಫೋಟೊ. ಆಲ್ಬಂ ಗಿರಾಕಿಯ ಮನೆ ಸೇರಿತು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು, ಬಣ್ಣ ಮಾಸಿತು. ಮೂಲ ಎನ್ನುವುದು ಉಳಿದಿದ್ದರೆ ಅದು ನೆಗೆಟಿವ್‌ನಲ್ಲೇ.

ಆ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ತರುವ ದಾರಿಗಳು ಒಂದೊಂದಾಗಿ ಮುಚ್ಚಿಹೋಗಿವೆ. ಫಿಲ್ಮಿಗೆಂದೇ ಇದ್ದ ನಿಕಾನ್ ಕೂಲ್‌ಸ್ಕ್ಯಾನ್‌ನಂಥ ಒಳ್ಳೆಯ ಯಂತ್ರಗಳ ತಯಾರಿಕೆ ನಿಂತು ವರ್ಷಗಳೇ ಆದವು. ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಹೆಚ್ಚಿನ ರೆಸಲ್ಯೂಶನ್ನಿನಲ್ಲಿ ಒಂದು ಚಿತ್ರಕ್ಕೇ ನಿಮಿಷಗಟ್ಟಲೆ ಹಿಡಿಯುತ್ತದೆ. ಸಾವಿರಾರು ಚಿತ್ರಗಳ ಡಬ್ಬದ ಮುಂದೆ ಅದನ್ನಿಟ್ಟುಕೊಂಡು ಕೂತರೆ ಕೆಲಸ ಮುಗಿದ ಹಾಗೆಯೇ. ಹೀಗಾಗಿ ಜಗತ್ತಿನ ಹವ್ಯಾಸಿಗಳು ಬೇರೆ ಉಪಾಯ ಹಿಡಿದರು: ನೆಗೆಟಿವ್ ಕೆಳಗೆ ದೀಪ, ಮೇಲೆ ಕ್ಯಾಮೆರಾ. ನೆಗೆಟಿವ್‌ನ ಫೋಟೊವನ್ನೇ ತೆಗೆಯುವುದು. ಕ್ಲಿಕ್ ಎನ್ನುವಷ್ಟರಲ್ಲಿ ಒಂದು ಚಿತ್ರ ಮುಗಿಯಿತು. ಅದಕ್ಕೊಂದು ಮೋಟಾರು ಕಟ್ಟಿ, ಫಿಲ್ಮನ್ನು ತಾನೇ ಸರಿಸಿ ತಾನೇ ಕ್ಲಿಕ್ಕಿಸುವಂತೆ ಮಾಡಿದ್ದು ಮುಂದಿನ ಹೆಜ್ಜೆ.

ಇದು ಬರೀ ಹವ್ಯಾಸಿಗಳ ಆಟವಲ್ಲ. ಗೌರಿಬಿದನೂರಿನ ರೇಡಿಯೊ ವೀಕ್ಷಣಾಲಯ ನಮ್ಮ ಜಿಲ್ಲೆಯವರಿಗೆ ಗೊತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ 1976ರಿಂದ ರಾಮನ್ ಸಂಶೋಧನಾ ಸಂಸ್ಥೆಯ ಜೊತೆ ನಡೆಸಿಕೊಂಡು ಬಂದದ್ದು ಅದು. ಅಲ್ಲಿನ ಆಂಟೆನಾಗಳು ಸೂರ್ಯನ ರೇಡಿಯೊ ಚಿತ್ರ ತೆಗೆಯುತ್ತವೆ. ಅದೇ ಸಂಸ್ಥೆಯ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ ತೆಗೆದ ಸೂರ್ಯನ ಫೋಟೊಗಳು ಗಾಜಿನ ಫಲಕ, ಫಿಲ್ಮುಗಳಲ್ಲಿ ರಾಶಿ ಬಿದ್ದಿದ್ದವು. ಅವನ್ನು ಡಿಜಿಟಲ್ ಮಾಡಲು ಸಂಸ್ಥೆ ಕ್ಯಾಮೆರಾ ಸಾಧನವನ್ನೇ ಜೋಡಿಸಿಕೊಂಡಿತು. ಒಂದು ಮೀಟರ್ ವ್ಯಾಸದ ಟೊಳ್ಳು ಗೋಳ; ಒಳಗೆ ಚೆಲ್ಲಿದ ಬೆಳಕು ಗೋಡೆಯಿಂದ ಗೋಡೆಗೆ ಚಿಮ್ಮಿ ಚಿಮ್ಮಿ ಒಂದೇ ಸಮನಾಗಿ 350 ಮಿಲಿಮೀಟರಿನ ಕಿಂಡಿಯಿಂದ ಹೊರಬರುತ್ತದೆ. ಕಿಂಡಿಯ ಮೇಲೆ ಫಲಕ, ಅದರೆದುರು 4,096 × 4,096 ಪಿಕ್ಸೆಲ್‌ಗಳ ಕ್ಯಾಮೆರಾ. ಒಂದು ಶತಮಾನದ ಸೂರ್ಯನ ಕಲೆಗಳು ಹೀಗೆ ಕಂಪ್ಯೂಟರ್ ಸೇರಿದವು. ವಿಜ್ಞಾನಿಗಳು ಅಷ್ಟು ದೊಡ್ಡ ಗೋಳ ತಂದಿಟ್ಟಿದ್ದು ಯಾಕೆ ಎಂದು ತಿಳಿದುಕೊಂಡರೆ ಈ ಕಸುಬಿನ ಅರ್ಧ ಗುಟ್ಟು ತಿಳಿದಂತೆ. ಕ್ಯಾಮೆರಾಗಿಂತ ಬೆಳಕು ಮುಖ್ಯ.

ಮನೆಯಲ್ಲಿ ಗೋಳ ಬೇಕಿಲ್ಲ. ಬೋರ್ಡು ಮಾಡುವ ಅಂಗಡಿಯಲ್ಲಿ ಸಿಗುವ ಹಾಲುಬಣ್ಣದ ಅಕ್ರಿಲಿಕ್ ತುಂಡು ಸಾಕು. ಅದನ್ನು ಫಿಲ್ಮಿಗೆ ಅಂಟಿಸಿದಂತೆ ಇಡಬಾರದು, ಮೂರು ನಾಲ್ಕು ಸೆಂಟಿಮೀಟರ್ ಕೆಳಗಿಡಬೇಕು. ಆಗ ಅದರ ಮೇಲೆ ಕೂತ ಧೂಳು ಫೋಕಸ್ಸಿಗೆ ಸಿಗುವುದಿಲ್ಲ. ದೀಪ ಮಾತ್ರ ಅಗ್ಗದ್ದು ಬೇಡ. ಸೀರಿಯಲ್ ಸೆಟ್ಟಿನ ಎಲ್ಇಡಿಯಲ್ಲಿ ಕೆಂಪಿನ ಪಾಲು ಕಡಿಮೆ, ಮದುಮಗಳ ಮೈಬಣ್ಣವೇ ಕೆಡುತ್ತದೆ. ಡಬ್ಬದ ಮೇಲೆ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂದು ಹೇಳುವ ಸಿಆರ್‌ಐ 95 ಅಥವಾ ಮೇಲೆ ಎಂದಿರುವುದನ್ನು ಕೊಳ್ಳಬೇಕು. ಡಿಮ್ಮರ್ ಹಾಕಿದ ದೀಪ ಕಣ್ಣಿಗೆ ಕಾಣದಂತೆ ಮಿಣುಕಿ ಚಿತ್ರದ ತುಂಬ ಪಟ್ಟೆ ಎಳೆದುಬಿಡುತ್ತದೆ, ಅದೂ ಬೇಡ.

ಇನ್ನು ಸರಿಸುವ ಯಂತ್ರ. 35 ಎಂಎಂ ಫಿಲ್ಮಿನ ಅಂಚಿನ ತೂತುಗಳನ್ನು ಎಣಿಸಿ ನೋಡಿ: ಒಂದು ಚಿತ್ರಕ್ಕೆ ಎಂಟು. ತೂತಿನಿಂದ ತೂತಿಗೆ 4.75 ಮಿಲಿಮೀಟರ್, ಎಂಟಕ್ಕೆ 38. ಅದರಲ್ಲಿ 36 ಮಿಲಿಮೀಟರ್ ಚಿತ್ರ, ಎರಡು ಮಿಲಿಮೀಟರ್ ಸಂದು. ಹಳೆಯ ಕ್ಯಾಮೆರಾ ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಎಂಟು ಹಲ್ಲಿನ ಚಕ್ರ ಸಿಗುತ್ತದೆ. ಒಂದು ಸುತ್ತಿಗೆ ಒಂದು ಚಿತ್ರ. ಸ್ಟೆಪ್ಪರ್ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಯಲ್ಲಿ ಮುಗಿಸುತ್ತದೆ. ಚಕ್ರವನ್ನು ಮೋಟಾರಿನ ಕಡ್ಡಿಗೆ ನೇರ ಜೋಡಿಸಿ 200 ಹೆಜ್ಜೆ ಹಾಕಿಸಿದರೆ ಮುಂದಿನ ಚಿತ್ರ ಲೆನ್ಸಿನ ಕೆಳಗೆ ಬಂದು ನಿಲ್ಲುತ್ತದೆ. ಹೆಜ್ಜೆ ಎಣಿಸಲು ಆರ್ಡುಯಿನೊ ಎಂಬ ಪುಟ್ಟ ಬೋರ್ಡು. ಮೋಟಾರು, ಬೋರ್ಡು, ಡ್ರೈವರ್ ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಮೋಟಾರು ನಿಂತ ಮೇಲೆ ಅರ್ಧ ಸೆಕೆಂಡು ಅಲುಗಾಟ ತಣಿಯಲು ಬಿಟ್ಟು, ಅದೇ ಬೋರ್ಡು ಕ್ಯಾಮೆರಾದ ರಿಮೋಟ್ ತಂತಿಯನ್ನು ಒಂದು ಕ್ಷಣ ಕೂಡಿಸಿದರೆ ಕ್ಲಿಕ್. ಒಂದು ಚಿತ್ರಕ್ಕೆ ಮೂರು ಸೆಕೆಂಡು ಎಂದರೂ ಮೂವತ್ತಾರರ ರೀಲು ಎರಡು ನಿಮಿಷದೊಳಗೆ ಮುಗಿಯಿತು.

ಕಾಗದದ ಮೇಲೆ ಇಷ್ಟು ಸಲೀಸು. ನಿಜದಲ್ಲಿ ಫಿಲ್ಮು ಸೆಡೆದುಕೊಂಡಿರುತ್ತದೆ, ತೂತು ಹರಿದಿರುತ್ತದೆ, ಹಳೆಯ ಕ್ಯಾಮೆರಾ ಸರಿಯಾಗಿ ಸುತ್ತದೆ ಸಂದುಗಳು ಏರುಪೇರಾಗಿರುತ್ತವೆ. ಸಂದನ್ನು ಹುಡುಕಲು ಬೆಳಕಿನ ಸೆನ್ಸರ್ ಇಡುವವರಿದ್ದಾರೆ. ನೆಗೆಟಿವ್‌ನಲ್ಲಿ ಸಂದು ತಿಳಿಯಾಗಿರುವುದರಿಂದ ಅಲ್ಲಿ ಬೆಳಕು ಹೆಚ್ಚು ಹಾಯುತ್ತದೆ. ಆದರೆ ರಾತ್ರಿ ತೆಗೆದ ಆರತಕ್ಷತೆಯ ಕತ್ತಲೆಯೂ ನೆಗೆಟಿವ್‌ನಲ್ಲಿ ತಿಳಿಯೇ, ಸೆನ್ಸರ್ ಮೋಸಹೋಗುತ್ತದೆ. ನನ್ನನ್ನು ಕೇಳಿದರೆ, ಹಿಂದೆ ಮುಂದೆ ತುಸು ಸರಿಸಲು ಎರಡು ಗುಂಡಿಗಳಿದ್ದು ಪಕ್ಕದಲ್ಲೊಬ್ಬ ಮನುಷ್ಯ ಕೂತಿದ್ದರೆ ಅದೇ ಒಳ್ಳೆಯ ಸೆನ್ಸರ್. ಫಿಲ್ಮಿನ ಬಿಗಿಯನ್ನೂ ಕೈಯೇ ಕಲಿಯಬೇಕು. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಯಂತ್ರದಲ್ಲಿ ಎಳೆ ಬಿಗಿಯಾದರೆ ತುಂಡು, ಸಡಿಲವಾದರೆ ಸಿಕ್ಕು, ಇಲ್ಲೂ ಹಾಗೇ. ಆ ಯಂತ್ರಗಳ ಮೋಟಾರು, ಪುಲ್ಲಿ, ಬೇರಿಂಗು ರಿಪೇರಿ ಮಾಡುವ ಮೆಕ್ಯಾನಿಕ್ಕಿಗೆ ಈ ಸಾಧನ ದೊಡ್ಡ ಕೆಲಸವೇನಲ್ಲ.

ಕ್ಯಾಮೆರಾ ಫಿಲ್ಮಿಗೆ ಸಮನಾಗಿ ನಿಂತಿದೆಯೇ ಎಂದು ನೋಡಲು ಒಂದು ಚೆಂದದ ಉಪಾಯವಿದೆ. ಫಿಲ್ಮಿನ ಜಾಗದಲ್ಲಿ ಸಣ್ಣ ಕನ್ನಡಿ ಇಟ್ಟು ಪರದೆ ನೋಡಬೇಕು. ಲೆನ್ಸಿಗೆ ತನ್ನದೇ ಮುಖ ನಟ್ಟನಡುವೆ ಕಂಡರೆ ಸರಿ. ಪಕ್ಕಕ್ಕೆ ಸರಿದಿದ್ದರೆ ಸ್ಟ್ಯಾಂಡು ವಾರೆಯಾಗಿದೆ ಎಂದರ್ಥ. ಲೆನ್ಸು ಮ್ಯಾಕ್ರೊ ಆಗಿರಬೇಕು, ಅಪರ್ಚರ್ ಎಫ್ 8ರ ಆಸುಪಾಸು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಚಿತ್ರದ 36 ಮಿಲಿಮೀಟರ್ ಅಗಲಕ್ಕೆ 6,000 ಪಿಕ್ಸೆಲ್ ಕೊಡುತ್ತದೆ, ಗೋಡೆಗೆ ಹಾಕುವ ದೊಡ್ಡ ಪ್ರಿಂಟಿಗೂ ಧಾರಾಳ. ಕಲರ್ ನೆಗೆಟಿವ್‌ನ ಕಿತ್ತಳೆ ಛಾಯೆ ಕಳೆದು ಬಣ್ಣ ತಿರುಗಿಸಲು ಡಾರ್ಕ್‌ಟೇಬಲ್ ಎಂಬ ತಂತ್ರಾಂಶವಿದೆ, ಬಿಟ್ಟಿ ಸಿಗುತ್ತದೆ.

ಸ್ಟುಡಿಯೋದವರ ಹಳೆಯ ಮದುವೆ ಫೋಟೊಗಳಲ್ಲಿ ಎಷ್ಟೋ 120 ರೀಲಿನವು, ಯಾಶಿಕಾದಂಥ ಡಬ್ಬಿ ಕ್ಯಾಮೆರಾದಲ್ಲಿ ಹನ್ನೆರಡು ಹನ್ನೆರಡಾಗಿ ತೆಗೆದ ಚೌಕ ಚಿತ್ರಗಳು. ಅವಕ್ಕೆ ತೂತೇ ಇಲ್ಲ, ಹಲ್ಲಿನ ಚಕ್ರ ಅಲ್ಲಿ ಕೆಲಸಕ್ಕೆ ಬಾರದು. ರಬ್ಬರ್ ರೋಲರ್ ಇಲ್ಲವೇ ಕೈಯೇ ಗತಿ. ನಾಲ್ಕೈದು ಚಿತ್ರಗಳ ತುಂಡುಗಳಾಗಿ ಕತ್ತರಿಸಿಟ್ಟ ನೆಗೆಟಿವ್‌ಗಳಿಗೂ ಮೋಟಾರಿನಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ.

ಒಂದು ಎಚ್ಚರಿಕೆ. ಡಬ್ಬದಲ್ಲಿರುವುದು ಬೇರೆಯವರ ಮನೆಯ ಮದುವೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ಫೋಟೊ ತೆಗೆಸಿದವರೇ ಅದರ ಮೊದಲ ಒಡೆಯರು. ಡಿಜಿಟಲ್ ಆಯಿತೆಂದು ಕಂಡಕಂಡಲ್ಲಿ ಹಂಚುವುದು ತರವಲ್ಲ. ಲಕೋಟೆಯ ನಂಬರು, ರಿಜಿಸ್ಟರಿನ ಹೆಸರು, ಊರು, ವರ್ಷ ಇವನ್ನು ಫೈಲಿನ ಜೊತೆ ಬರೆದಿಡಿ. ಇಲ್ಲವಾದರೆ ಹತ್ತು ವರ್ಷದ ಮೇಲೆ ಅದು ಯಾರ ಫೋಟೊ ಎಂದು ಹೇಳುವವರಿರುವುದಿಲ್ಲ.

ಜಿಲ್ಲೆಯ ಸ್ಟುಡಿಯೋ ಮಾಲೀಕರಲ್ಲಿ, ಅವರ ಮಕ್ಕಳಲ್ಲಿ ಒಂದು ವಿನಂತಿ. ಅಂಗಡಿ ಖಾಲಿ ಮಾಡುವಾಗ ನೆಗೆಟಿವ್ ಡಬ್ಬಗಳನ್ನು ಗುಜರಿಗೆ ಹಾಕಬೇಡಿ. ಪಾಲಿಟೆಕ್ನಿಕ್ ಓದುವ ಹುಡುಗ ಹುಡುಗಿಯರು ಪ್ರಾಜೆಕ್ಟ್ ಹುಡುಕುತ್ತಿರುತ್ತಾರೆ, ಈ ಸಾಧನ ಮಾಡಿಕೊಡಿ ಎಂದು ಅವರನ್ನು ಕೇಳಿ. ಡಿಜಿಟಲ್ ಪ್ರತಿ ಕೈಗೆ ಬಂದ ಮೇಲೂ ನೆಗೆಟಿವ್‌ಗಳನ್ನು ಒಣ ಜಾಗದಲ್ಲಿ, ಬಿಸಿಲು ಬೀಳದ ಕಡೆ ಇಟ್ಟುಕೊಳ್ಳಿ.